ಟೆಂಡರ್ ಕಾಯ್ದೆಯೂ ಪೊರಕೆ ಹಿಡಿದ ಕೈಗಳೂ

ಸರ್ಕಾರ ಆಳುವುದಷ್ಟೇ ಅಲ್ಲ, ಕೊಳ್ಳುತ್ತದೆ ಕೂಡ. ಜಲ್ಲಿ, ಔಷಧಿ, ಶಾಲೆಯ ಬೆಂಚು, ಎಲ್ಲಾ ನಮ್ಮ ತೆರಿಗೆ ದುಡ್ಡಿನಲ್ಲೇ. ಯಾರಿಂದ ಕೊಳ್ಳಬೇಕು, ಯಾವ ರೇಟಿಗೆ ಅನ್ನೋದನ್ನು ಬಹುಕಾಲ ಇಲಾಖೆಯ ಕೋಡುಗಳೂ ಸುತ್ತೋಲೆಗಳೂ ತೀರ್ಮಾನಿಸುತ್ತಿದ್ದವು. 1948ರಲ್ಲೇ ಸೈನ್ಯಕ್ಕೆ ಜೀಪು ಕೊಳ್ಳುವ ವ್ಯವಹಾರ ಹಗರಣವಾಯಿತು. 1955ರಲ್ಲಿ ಸರ್ಕಾರ ಆ ಕಡತ ಮುಚ್ಚಿತು. 1979ರಲ್ಲಿ ರಮಣ ದಯಾರಾಮ್ ಶೆಟ್ಟಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಗುತ್ತಿಗೆ ಕೊಡುವಾಗಲೂ ಸರ್ಕಾರ ಸಂವಿಧಾನದ 14ನೇ ವಿಧಿಗೆ ಬದ್ಧ, ಮನಸ್ಸಿಗೆ ಬಂದವರಿಗೆ ಹಂಚುವಂತಿಲ್ಲ ಅಂದಿತು.

ತಮಿಳುನಾಡು 1998ರಲ್ಲಿ, ಕರ್ನಾಟಕ 1999ರಲ್ಲಿ ಖರೀದಿಗೇ ಒಂದು ಪಾರದರ್ಶಕತೆ ಕಾಯ್ದೆ ತಂದವು. ನಮ್ಮದು 2000ದ ಅಕ್ಟೋಬರ್ 4ರಿಂದ ಜಾರಿಗೆ ಬಂತು. ಟೆಂಡರನ್ನು ಬುಲೆಟಿನ್‌ನಲ್ಲಿ ಪ್ರಕಟಿಸಬೇಕು. 2000ದಲ್ಲಿ ಬಂದ ನಿಯಮಗಳ ಪ್ರಕಾರ ಆಗ 2 ಕೋಟಿವರೆಗೆ 30 ದಿನ, ಅದಕ್ಕೂ ಮೇಲಿದ್ದರೆ 60 ದಿನ ಸಮಯ ಕೊಡಬೇಕಿತ್ತು. ಅನ್ಯಾಯವಾದರೆ ಮೇಲ್ಮನವಿ ಉಂಟು. ಒಳ್ಳೆಯದೇ. ಆದರೆ ಅದೇ ಕಾಯ್ದೆಯ 4(ಜಿ) ಕಲಂ ನೋಡಿ: ಸರ್ಕಾರ ಒಂದು ಅಧಿಸೂಚನೆ ಹೊರಡಿಸಿದರೆ ಸಾಕು, ಆ ಖರೀದಿಗೆ ಟೆಂಡರೇ ಬೇಡ. ಮುಂಬಾಗಿಲಿಗೆ ಬೀಗ ಜಡಿದವರೇ ಹಿತ್ತಲ ಬಾಗಿಲಿನ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಠೇವಣಿ ಇಡೋಕೆ ದುಡ್ಡಿಲ್ಲದವನಿಗೆ, ಅಡವಿಡೋಕೆ ಹೊಲವಿಲ್ಲದವನಿಗೆ ಬುಲೆಟಿನ್ ಓದಿ ಆಗೋದೇನು? ಈ ಪ್ರಶ್ನೆಗೆ ಉತ್ತರ ಬರೋಕೆ 2016ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. 50 ಲಕ್ಷದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪಂಗಡಕ್ಕೆ ಶೇ. 6.95 ಮೀಸಲು, 2023ರಲ್ಲಿ ಮಿತಿ 1 ಕೋಟಿಗೆ ಏರಿತು. ಸಣ್ಣ ಕಾಮಗಾರಿಗಳನ್ನು 'ಪ್ಯಾಕೇಜ್' ಅಂತ ಗಂಟು ಕಟ್ಟಿದರೆ ಮಿತಿ ದಾಟಿಹೋಗುತ್ತೆ, ಮೀಸಲಾತಿ ಹೊರಗೇ ಉಳಿಯುತ್ತೆ ಅನ್ನೋದು ಗುತ್ತಿಗೆ ಗೊತ್ತಿದ್ದವರಿಗೆಲ್ಲ ಗೊತ್ತು.

ನಾವು ಇಲ್ಲಿ ಹೇಳಬೇಕಿರೋದು ಟೆಂಡರ್ ಹಾಕಿದವರ ಕತೆಯಲ್ಲ, ಟೆಂಡರಿನಲ್ಲಿ ಮಾರಾಟವಾದವರದು. ಪೌರಕಾರ್ಮಿಕರ ಬದುಕು ನೋಡಿ ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲಿ ವರದಿ ಕೊಟ್ಟಿತು. ಖಾಯಂ ನೇಮಕಾತಿ ಬೆಳೆಯಬೇಕಿದ್ದ ಕಡೆ ಬೆಳೆದದ್ದು ಗುತ್ತಿಗೆ. ಬೆಂಗಳೂರಿನ ಬೀದಿ ಗುಡಿಸೋದು ಟೆಂಡರಿನ ವಸ್ತುವಾಯಿತು. ಗುಡಿಸುವವರಲ್ಲಿ ಹೆಚ್ಚಿನವರು ನಮ್ಮ ದಲಿತ ಹೆಣ್ಣುಮಕ್ಕಳು.

ಟೆಂಡರಿನ ಲೆಕ್ಕ ಸರಳ: ಕಡಿಮೆ ರೇಟು ಬರೆದವನಿಗೆ ಕೆಲಸ. ರಸ್ತೆ ಹಾಕೋ ಗುತ್ತಿಗೆಯಲ್ಲಿ ಟಾರು, ಯಂತ್ರ, ಸಾಗಣೆ ಅಂತ ಹತ್ತಾರು ಖರ್ಚು. ಕಸದ ಗುತ್ತಿಗೆಯಲ್ಲಿ? ಲಾರಿಗೆ ಡೀಸೆಲ್ ಬೆಲೆ ಕಂಟ್ರಾಕ್ಟರ ಇಳಿಸೋಕಾಗಲ್ಲ. ಇಳಿಸಬಹುದಾದ್ದು ಕೂಲಿ ಒಂದೇ. ಅಲ್ಲಿಂದಲೇ ಪಿ.ಎಫ್., ಇ.ಎಸ್.ಐ. ಹಣಕ್ಕೂ ಕೈ ಹೋಗುತ್ತದೆ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿ, ಕಂಟ್ರಾಕ್ಟರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು ಅಂತ ಸ್ಪಷ್ಟವಾಗಿ ಬರೆದಿತ್ತು. ಆ ಮೂಲ ಮಾಲೀಕ ಪಾಲಿಕೆಯೇ. ಟೆಂಡರ್ ಪರಿಶೀಲನಾ ಸಮಿತಿ ಲಕೋಟೆ ನೋಡುತ್ತೆ, ಆಡಿಟರು ವೋಚರು ನೋಡುತ್ತಾರೆ. ಕೂಲಿ ಪುಸ್ತಕದಲ್ಲಿರುವ ಹೆಬ್ಬೆಟ್ಟು ಯಾರದು, ಆಕೆಯ ಕೈಗೆ ಎಷ್ಟು ಬಂತು ಅಂತ ಬೀದಿಗೆ ಬಂದು ಕೇಳೋರು ಯಾರು?

ಸಂಘಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 2017ರಲ್ಲಿ ಗುಡಿಸುವವರ ಗುತ್ತಿಗೆ ತೆಗೆದು ಪಾಲಿಕೆಯಿಂದ ನೇರ ಪಾವತಿ ಬಂತು. ಕೆಲಸ ಮಾತ್ರ ಖಾಯಂ ಅಲ್ಲ. 2022ರ ಜುಲೈ ಮೊದಲ ವಾರ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ಅದೇ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ 11,133 ಮಂದಿಯನ್ನು ಖಾಯಂ ಮಾಡಲು ಒಪ್ಪಿತು. 2025ರ ಮೇ ದಿನ ಬೆಂಗಳೂರಿನಲ್ಲಿ 12,692 ಮಂದಿಗೆ ನೇಮಕಾತಿ ಪತ್ರ ಕೊಟ್ಟರು.

ಕಸದ ಆಟೋ ಓಡಿಸುವವರು, ಲೋಡರುಗಳು 2017ರ ಈ ತೀರ್ಮಾನದ ಹೊರಗೇ ಉಳಿದರು, ಕಂಟ್ರಾಕ್ಟರನ ಕೈಕೆಳಗೆ. ಅಂಥವರ ಟೆಂಡರ್ ಕರಾರು, ಕೂಲಿ ಪಟ್ಟಿ, ಪಿ.ಎಫ್. ಚಲನ್ ಪಾಲಿಕೆಯ ಕಡತದಲ್ಲೇ ಇರಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಅವುಗಳ ನಕಲು ಕೇಳಬಹುದು. ಕೂಲಿ ಪಟ್ಟಿಯನ್ನು ಗಲ್ಲಿಯಲ್ಲಿ ಗಟ್ಟಿಯಾಗಿ ಓದಿಸಿ. ಹೆಸರಿದ್ದವರೇ ಹೇಳಲಿ, ಬಂದದ್ದೆಷ್ಟು ಅಂತ.