ಷೆವರ್ಲೆ ವೋಲ್ಟ್

ಷೆವರ್ಲೆ ವೋಲ್ಟ್ ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯು ತಯಾರಿಸಿದ ಪ್ಲಗ್-ಇನ್ ಹೈಬ್ರಿಡ್ ಕಾರು. ಹೊರಗಿನ ವಿದ್ಯುತ್ತಿನಿಂದ ಚಾರ್ಜ್ ಮಾಡಬಹುದಾದ ಲಿಥಿಯಂ-ಅಯಾನ್ ಬ್ಯಾಟರಿ ಮತ್ತು ಪೆಟ್ರೋಲ್ ಎಂಜಿನ್ ಎರಡೂ ಇದರಲ್ಲಿವೆ. ಇದರ ಪರಿಕಲ್ಪನಾ ಮಾದರಿಯು 2007ರ ಜನವರಿಯಲ್ಲಿ ಡೆಟ್ರಾಯಿಟ್ ವಾಹನ ಪ್ರದರ್ಶನದಲ್ಲಿ ಅನಾವರಣಗೊಂಡಿತು. ಅಮೆರಿಕದಲ್ಲಿ 2010ರ ಡಿಸೆಂಬರ್‌ನಲ್ಲಿ ಮಾರಾಟ ಆರಂಭವಾಯಿತು. 2019ರ ಫೆಬ್ರವರಿಯಲ್ಲಿ ಉತ್ಪಾದನೆ ನಿಂತಿತು. ಯುರೋಪಿನಲ್ಲಿ ಈ ಕಾರು ಒಪೆಲ್ ಆಂಪೆರಾ ಎಂಬ ಹೆಸರಿನಲ್ಲಿಯೂ ಮಾರಾಟವಾಯಿತು.

ಕಾರ್ಯವಿಧಾನ

ಮೊದಲ ತಲೆಮಾರಿನ ಕಾರಿನಲ್ಲಿ 16 ಕಿಲೋವ್ಯಾಟ್-ಗಂಟೆ ಸಾಮರ್ಥ್ಯದ ಬ್ಯಾಟರಿ ಮತ್ತು 1.4 ಲೀಟರ್ ಎಂಜಿನ್ ಇದ್ದವು. ಬ್ಯಾಟರಿಯ ಆಯುಷ್ಯವನ್ನು ಕಾಪಾಡಲು ಅದರ ಸಾಮರ್ಥ್ಯದ ಸುಮಾರು ಮೂರನೆಯ ಎರಡು ಭಾಗವನ್ನು ಮಾತ್ರ ಬಳಸಲಾಗುತ್ತಿತ್ತು. ಪೂರ್ಣ ಚಾರ್ಜ್ ಆದ ಕಾರು ಮೊದಲು ವಿದ್ಯುತ್ತಿನಿಂದಲೇ ಓಡುತ್ತದೆ. ಆ ಪಾಲು ಮುಗಿದ ಬಳಿಕ ಎಂಜಿನ್ ಚಾಲನೆಗೊಳ್ಳುತ್ತದೆ. ತೀವ್ರ ಚಳಿಯಲ್ಲಿ, ಬ್ಯಾಟರಿಯಲ್ಲಿ ಚಾರ್ಜ್ ಇದ್ದರೂ, ಒಳಾಂಗಣವನ್ನು ಬೆಚ್ಚಗಾಗಿಸಲು ಎಂಜಿನ್ ಚಾಲನೆಗೊಳ್ಳುವುದುಂಟು.

ಚಾರ್ಜಿಂಗ್

ಅಮೆರಿಕದ ಮನೆಗಳಲ್ಲಿರುವ 120 ವೋಲ್ಟ್‌ಗಳ ಸಾಮಾನ್ಯ ಸಾಕೆಟ್‌ನಿಂದ ಮೊದಲ ತಲೆಮಾರಿನ ಬ್ಯಾಟರಿ ತುಂಬಲು 10ರಿಂದ 12 ಗಂಟೆ ಬೇಕಾಗುತ್ತಿತ್ತು. ಇದಕ್ಕೆ ಬೇಕಾದ ಕೇಬಲ್ ಕಾರಿನೊಂದಿಗೆ ಬರುತ್ತಿತ್ತು. 240 ವೋಲ್ಟ್‌ಗಳ ಪ್ರತ್ಯೇಕ ಚಾರ್ಜಿಂಗ್ ಘಟಕದಿಂದ ಸುಮಾರು 4 ಗಂಟೆ ಸಾಕು. ನೇರ ವಿದ್ಯುತ್ತಿನ (ಡಿಸಿ) ವೇಗದ ಚಾರ್ಜಿಂಗ್ ಸೌಲಭ್ಯ ಯಾವ ಮಾದರಿಯಲ್ಲಿಯೂ ಇರಲಿಲ್ಲ. ದೂರದ ಪ್ರಯಾಣವನ್ನು ಎಂಜಿನ್ ನಿರ್ವಹಿಸುವುದರಿಂದ ಇದು ದೊಡ್ಡ ಕೊರತೆಯಾಗಿರಲಿಲ್ಲ. ವಿದ್ಯುತ್ ದರ ಕಡಿಮೆ ಇರುವ ರಾತ್ರಿಯ ವೇಳೆಗೆ ಚಾರ್ಜಿಂಗನ್ನು ನಿಗದಿಪಡಿಸಬಹುದಿತ್ತು. ಪ್ಲಗ್ ತೆಗೆಯುವ ಮೊದಲೇ ಒಳಾಂಗಣವನ್ನು ತಂಪು ಅಥವಾ ಬೆಚ್ಚಗೆ ಮಾಡಿಕೊಂಡರೆ ಬ್ಯಾಟರಿಯ ಚಾರ್ಜ್ ಪ್ರಯಾಣಕ್ಕೆ ಉಳಿಯುತ್ತದೆ.

ಇಂಧನ ದಕ್ಷತೆ

2009ರ ಆಗಸ್ಟ್‌ನಲ್ಲಿ ಜನರಲ್ ಮೋಟರ್ಸ್, ಈ ಕಾರು ನಗರ ಸಂಚಾರದಲ್ಲಿ ಗ್ಯಾಲನ್‌ಗೆ 230 ಮೈಲಿ (ಲೀಟರ್‌ಗೆ ಸುಮಾರು 98 ಕಿಮೀ) ನೀಡುವ ನಿರೀಕ್ಷೆಯಿದೆ ಎಂದು ಪ್ರಕಟಿಸಿತು. ಇದಕ್ಕೆ ಆಗ ಕರಡು ರೂಪದಲ್ಲಿದ್ದ ಒಂದು ಮಾಪನ ವಿಧಾನವೇ ಆಧಾರವಾಗಿತ್ತು. 2010ರ ನವೆಂಬರ್‌ನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಧಿಕೃತ ಅಂಕಿಗಳು ಹೊರಬಂದವು. ಅವುಗಳ ಪ್ರಕಾರ ವಿದ್ಯುತ್ ವ್ಯಾಪ್ತಿ 35 ಮೈಲಿ (56 ಕಿಮೀ), ಪೆಟ್ರೋಲ್‌ನಿಂದ ಮಾತ್ರ ಓಡಿದಾಗ ಗ್ಯಾಲನ್‌ಗೆ 37 ಮೈಲಿ (ಲೀಟರ್‌ಗೆ 15.7 ಕಿಮೀ). ವಿದ್ಯುತ್ತಿನಿಂದ ಓಡಿದಾಗಿನ ದಕ್ಷತೆ ಗ್ಯಾಲನ್-ಸಮಾನಕ್ಕೆ 93 ಮೈಲಿ. ಈ ಲೆಕ್ಕದಲ್ಲಿ 33.7 ಕಿಲೋವ್ಯಾಟ್-ಗಂಟೆ ವಿದ್ಯುತ್ತನ್ನು ಒಂದು ಗ್ಯಾಲನ್ ಪೆಟ್ರೋಲ್‌ಗೆ ಸಮವೆಂದು ಪರಿಗಣಿಸಲಾಗುತ್ತದೆ. ಎರಡನ್ನೂ ಸೇರಿಸಿದ ಅಂಕಿ 60 ಆಗಿತ್ತು.

ಯುರೋಪಿನ ಅಂದಿನ ಪರೀಕ್ಷೆಯಲ್ಲಿ ಆಂಪೆರಾ 100 ಕಿಮೀಗೆ 1.2 ಲೀಟರ್ ಇಂಧನ ಬಳಸುತ್ತದೆ ಎಂದು ನಮೂದಾಯಿತು. ಬ್ಯಾಟರಿ ಬರಿದಾದ ಮೇಲೆ ಮುಂದಿನ ಚಾರ್ಜಿಂಗ್‌ವರೆಗೆ ಕಾರು 25 ಕಿಮೀ ಮಾತ್ರ ಸಾಗುತ್ತದೆ ಎಂದು ಆ ಸೂತ್ರವು ಊಹಿಸುತ್ತಿತ್ತು.

ಒಂದೇ ಕಾರಿಗೆ ಇಷ್ಟು ಭಿನ್ನ ಅಂಕಿಗಳು ಬರಲು ಕಾರಣ, ಪೆಟ್ರೋಲ್ ಬಳಕೆಯು ಎರಡು ಚಾರ್ಜಿಂಗ್‌ಗಳ ನಡುವಿನ ದೂರವನ್ನು ಅವಲಂಬಿಸಿರುವುದು. ಮೊದಲ ತಲೆಮಾರಿನ ಅಧಿಕೃತ ಅಂಕಿಗಳಂತೆ, ದಿನಕ್ಕೊಮ್ಮೆ ಪೂರ್ಣ ಚಾರ್ಜ್ ಮಾಡಿದರೆ ಲೆಕ್ಕ ಹೀಗಾಗುತ್ತದೆ:

- 50 ಕಿಮೀ: ಪೆಟ್ರೋಲ್ ಬೇಕಿಲ್ಲ
- 70 ಕಿಮೀ: 0.9 ಲೀಟರ್ (ಲೀಟರ್‌ಗೆ ಸುಮಾರು 78 ಕಿಮೀ)
- 100 ಕಿಮೀ: 2.8 ಲೀಟರ್ (ಲೀಟರ್‌ಗೆ ಸುಮಾರು 36 ಕಿಮೀ)
- 200 ಕಿಮೀ: 9.2 ಲೀಟರ್ (ಲೀಟರ್‌ಗೆ ಸುಮಾರು 22 ಕಿಮೀ)

ಈ ಲೆಕ್ಕದಲ್ಲಿ ಬಳಸಿದ ವಿದ್ಯುತ್ ಸೇರಿಲ್ಲ. ಅದು 100 ಕಿಮೀಗೆ ಸುಮಾರು 22 ಕಿಲೋವ್ಯಾಟ್-ಗಂಟೆ. ಚಾರ್ಜ್ ಮಾಡದೆಯೇ ಓಡಿಸಿದರೆ ವೋಲ್ಟ್, ಭಾರವಾದ ಬ್ಯಾಟರಿಯನ್ನು ಹೊತ್ತ ಪೆಟ್ರೋಲ್ ಕಾರಿನಂತೆಯೇ ವರ್ತಿಸುತ್ತದೆ.

ಎರಡನೆಯ ತಲೆಮಾರು

2016ರ ಮಾದರಿಯಲ್ಲಿ 18.4 ಕಿಲೋವ್ಯಾಟ್-ಗಂಟೆಯ ಬ್ಯಾಟರಿ ಮತ್ತು 1.5 ಲೀಟರ್ ಎಂಜಿನ್ ಅಳವಡಿಸಲಾಯಿತು. ವಿದ್ಯುತ್ ವ್ಯಾಪ್ತಿ 53 ಮೈಲಿಗೆ (85 ಕಿಮೀ), ಪೆಟ್ರೋಲ್ ದಕ್ಷತೆ ಗ್ಯಾಲನ್‌ಗೆ 42 ಮೈಲಿಗೆ (ಲೀಟರ್‌ಗೆ 17.9 ಕಿಮೀ) ಏರಿತು. ಮೊದಲ ಎಂಜಿನ್‌ಗೆ ಹೆಚ್ಚು ಆಕ್ಟೇನ್‌ನ ದುಬಾರಿ ಪೆಟ್ರೋಲ್ ಬೇಕಿತ್ತು. ಇದಕ್ಕೆ ಸಾಮಾನ್ಯ ಪೆಟ್ರೋಲ್ ಸಾಕಾಯಿತು. 240 ವೋಲ್ಟ್‌ಗಳಲ್ಲಿ ಚಾರ್ಜಿಂಗ್ ಅವಧಿ ಸುಮಾರು ನಾಲ್ಕೂವರೆ ಗಂಟೆಯಾಗಿತ್ತು. 2019ರ ಮಾದರಿಯಲ್ಲಿ ದೊರೆತ 7.2 ಕಿಲೋವ್ಯಾಟ್ ಚಾರ್ಜರ್ ಈ ಅವಧಿಯನ್ನು ಸರಿಸುಮಾರು ಅರ್ಧಕ್ಕೆ ಇಳಿಸಿತು.