ಮಾಘ ಮಾಸದ ತೋಟದ ಕೆಲಸ ಮತ್ತು ನಮ್ಮ ಪತ್ತು

ಸವಣೂರು ಸೀಮೆ ಅಂದಕೂಡಲೇ ದೂರದ ಊರಿನವರಿಗೂ ನೆನಪಾಗುವುದು ವೀಳ್ಯದೆಲೆ. ನವಾಬರ ಸಂಸ್ಥಾನವಿದ್ದ ಕಾಲಕ್ಕೇ ಇಲ್ಲಿ ಎಲಿತೋಟಗಳಿದ್ದವು. ಸಂಸ್ಥಾನವು 1948ರ ಮಾರ್ಚ 8ರಂದು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು, 1997ರಲ್ಲಿ ಹಾವೇರಿ ಜಿಲ್ಲೆಯಾಯಿತು. ಆದರೆ ತೋಟದ ಪಂಚಾಂಗ ಮಾತ್ರ ಅದೇ. ಅದರಾಗ ಸಂಕ್ರಮಣದಿಂದ ಶಿವರಾತ್ರಿತನಕದ ದಿನಗಳು ಬಹಳ ಬಿಗಿ. ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಅವುಗಳ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ.

ಥಂಡಿಯಾಗ ಬಳ್ಳಿಯ ಚಿಗುರು ನಿಧಾನ. ಎಲಿ ಕಡಿಮೆ, ಕೆಲಸ ಹೆಚ್ಚು. ಚೊಗಚಿ, ನುಗ್ಗಿ, ಹಾಲವಾಣದ ಆಸರೆ ಗಿಡ ಹತ್ತಿ ಎತ್ತರಕ್ಕೆ ಹೋದ ಬಳ್ಳಿಯನ್ನು ಬಿಡಿಸಿ ಕೆಳಗೆ ಇಳಿಸಬೇಕು. ಎಲಿ ಇಲ್ಲದ ಬರಿ ಬಳ್ಳಿಯನ್ನು ಬುಡದಲ್ಲಿ ಸುರುಳಿ ಸುತ್ತಿ, ಗೊಬ್ಬರ ಹಾಕಿ, ಮಣ್ಣು ಮುಚ್ಚಬೇಕು. ಮಣ್ಣಿನೊಳಗಿನ ಗಣ್ಣುಗಳು ಹೊಸ ಬೇರು ಬಿಡುತ್ತವೆ. ತುದಿಯನ್ನು ಬಾಳಿನಾರಿನಿಂದ ಮತ್ತೆ ಗಿಡಕ್ಕೆ ಕಟ್ಟಬೇಕು. ಕೆಲವರು ಇದನ್ನು ಮಳೆಗಾಲಕ್ಕೆ ಇಟ್ಟುಕೊಳ್ಳುತ್ತಾರೆ, ಅದೂ ತಪ್ಪಲ್ಲ. ಅವಸರದಾಗ ಎಳೆದರೆ ಗಣ್ಣು ಮುರಿಯುತ್ತದೆ. ಆದ್ದರಿಂದ ಕೈ ಪಳಗಿದ ಆಳೇ ಬೇಕು, ಅವರ ಪಗಾರವೂ ಜಾಸ್ತಿ. ಆಸರೆ ಗಿಡದ ಟೊಂಗಿ ಸವರುವುದನ್ನು ಈ ಹೊತ್ತಿಗೆ ನಿಲ್ಲಿಸಬೇಕು, ಬ್ಯಾಸಿಗಿ ಬಿಸಿಲಿಗೆ ಬಳ್ಳಿಗೆ ಅದೇ ಛತ್ರಿ. ಕೆರೆಯ ನೀರು ಇಳಿದಲ್ಲಿ ಗೋಡು ತೆಗೆದು ಚಕ್ಕಡಿಯಲ್ಲಿ ತಂದು ಸಾಲಿಗೆ ಹಾಕುವುದೂ ಇದೇ ವೇಳೆಯ ಕೆಲಸ.

ಇದಕ್ಕೆಲ್ಲ ಮಾಘವೇ ಯಾಕೆ? ಪಂಪಸೆಟ್ ಬರುವ ಮೊದಲು ಬಾವಿಯಿಂದ ತೊಗಲಿನ ಮೊಟ್ಟೆಗೆ ಎತ್ತು ಕಟ್ಟಿ ನೀರೆತ್ತುತ್ತಿದ್ದರು. ಹಿಂಗಾರಿ ಜೋಳ ಇನ್ನೂ ಕಾಳು ಗಟ್ಟಿಯಾಗುವ ಹೊತ್ತಿನಲ್ಲಿ ಎತ್ತೂ ಖಾಲಿ, ಮನೆಯ ಮಂದಿಯೂ ಖಾಲಿ. ಕಣ ಸುರುವಾದರೆ ಇಬ್ಬರೂ ಕೈಗೆ ಸಿಗರು. ಈಗ ಗುಂಡಿ ಒತ್ತಿದರೆ ನೀರು. ಅದು ಕರೆಂಟು ಇದ್ದಾಗಿನ ಮಾತು ಬಿಡಿ. ಆದರೆ ಬಳ್ಳಿ ಇಳಿಸುವ ಯಂತ್ರ ಮಾತ್ರ ನಾನಿನ್ನೂ ಕಂಡಿಲ್ಲ.

ಬಾವಿ, ಎತ್ತು ಎಂದರೆ ರೊಕ್ಕದ ಮಾತು ಬಂತು. ಸುತ್ತಲಿನ ಬ್ರಿಟಿಷ್ ಸೀಮೆಯಲ್ಲಿ 1883ರ ಕಾಯದೆಯಂತೆ ಬಾವಿ, ಒಡ್ಡುಗಳಿಗೂ, 1884ರ ಕಾಯದೆಯಂತೆ ಬೀಜ, ಎತ್ತುಗಳಿಗೂ ಸರಕಾರದ ತಗಾವಿ ಸಿಗುತ್ತಿತ್ತು. ಉಳಿದದ್ದಕ್ಕೆ ಸಾವಕಾರನೇ ಗತಿ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ನಮ್ಮಂಥ ಹಳ್ಳಿಯ ಸಂಘಗಳೆಲ್ಲ ಅದರ ಬಳಗದವೇ.

ಆದರೆ ಸಂಘದ ಬೆಳೆಸಾಲದ ಲೆಕ್ಕ ಹೊಂದಿಕೊಂಡದ್ದು ಒಣಬೇಸಾಯಕ್ಕೆ. ಮುಂಗಾರಿಗೆ ಕೊಡು, ಮಾಲು ಮಾರಿದ ಮೇಲೆ ಮಾರ್ಚದೊಳಗೆ ವಸೂಲಿ ಮಾಡು. ಹತ್ತಿ, ಗೋವಿನಜೋಳದವರಿಗೆ ಇದು ಸರಿಯೇ. ಎಲಿತೋಟದವನ ಪಾಡು ಬೇರೆ. ಆಳಿನ ಪಗಾರ, ಗೊಬ್ಬರ, ಗೋಡಿನ ಬಾಡಿಗೆ ಎಲ್ಲವೂ ಮಾಘದಾಗ ಬರುತ್ತವೆ, ಬೆನ್ನಿಗೇ ಸಾಲದ ಗಡುವು. ಗಡುವು ತಪ್ಪಿದರೆ ಸರಕಾರದ ಬಡ್ಡಿ ರಿಯಾಯಿತಿ ಹೋಗುತ್ತದೆ. ಹೀಗಾಗಿ ಒಂದು ತಿಂಗಳಿಗೆಂದು ಕೈಗಡ ತಂದು ಸಂಘಕ್ಕೆ ತುಂಬಿ, ಹೊಸ ಸಾಲ ಎತ್ತಿ ಕೈಗಡ ತೀರಿಸುವವರು ಇದ್ದಾರೆ. ನಮ್ಮ ಪುಸ್ತಕದಲ್ಲಿ ವಸೂಲಿ ಚೆಂದ ಕಾಣುತ್ತದೆ, ಆ ಒಂದು ತಿಂಗಳ ಬಡ್ಡಿ ಸಾವಕಾರನ ಪುಸ್ತಕದಲ್ಲಿರುತ್ತದೆ. ಕೆಲವರು ಬಳ್ಳಿ ಇಳಿಸುವುದನ್ನೇ ಆ ವರ್ಷ ಬಿಟ್ಟುಬಿಡುತ್ತಾರೆ.

ತೋಟದ ಸದಸ್ಯರ ಸಾಲದ ಅವಧಿಯನ್ನು ಸಂಕ್ರಮಣದಿಂದ ಸಂಕ್ರಮಣಕ್ಕೆ ಇಡಲು ಬಂದೀತೇ ಎಂದು ನಾನು ಆಡಳಿತ ಮಂಡಳಿಯಲ್ಲಿ ಕೇಳಿದ್ದೇನೆ. ಎಲಿತೋಟದ ಸದಸ್ಯರು ಮುಂದಿನ ಸರ್ವಸಾಧಾರಣ ಸಭೆಗೆ ತಮ್ಮ ಖರ್ಚಿನ ಚೀಟಿ ಬರೆದುಕೊಂಡು ಬರಬೇಕಾಗಿ ವಿನಂತಿ.