ಪಟ್ಟದ ಗೊಂಬೆಯ ಸೀರೆಗಳು

ದೊಡ್ಡಬಳ್ಳಾಪುರದ ನಮ್ಮ ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಗೇಣುದ್ದದ ಎರಡು ರಕ್ತಚಂದನದ ಗೊಂಬೆಗಳಿವೆ. ನನ್ನ ಅಜ್ಜಿಯ ಮದುವೆಯಲ್ಲಿ ತೌರಿನವರು ಕೊಟ್ಟ ರಾಜ ರಾಣಿಯರು. ಹಳೆಯ ಮೈಸೂರು ಸೀಮೆಯಲ್ಲಿ ಇವಕ್ಕೆ ಪಟ್ಟದ ಗೊಂಬೆಗಳೆಂದು ಹೆಸರು. ನವರಾತ್ರಿಯಲ್ಲಿ ಇವರನ್ನು ನಿಲ್ಲಿಸಿದ ಮೇಲೆಯೇ ಉಳಿದ ಗೊಂಬೆಗಳಿಗೆ ನಮ್ಮಲ್ಲಿ ಎಡೆ.

ಬಡಗಿ ಕೊಡುವುದು ಮೈಯನ್ನು ಮಾತ್ರ. ಉಡಿಗೆ ತೊಡಿಗೆ ಮನೆಯ ಹೆಂಗಸರ ಪಾಲಿನ ಕೆಲಸ. ಅದರ ಕಷ್ಟ ಮಾಡಿದವರಿಗೇ ಗೊತ್ತು. ಸೀರೆಯ ನಾಲ್ಕು ಬೆರಳಗಲದ ಅಂಚನ್ನು ರಾಣಿಗೆ ಹಾಗೆಯೇ ಉಡಿಸಿದರೆ ಅದು ಅವಳ ಮೊಣಕಾಲನ್ನು ದಾಟುತ್ತದೆ. ಆದ್ದರಿಂದ ಅಂಚಿನೊಳಗಿನ ಒಂದು ಸರಿಗೆಯ ಗೆರೆಯನ್ನಷ್ಟೇ ಕತ್ತರಿಸಿ, ಎಳೆ ಬಿಚ್ಚಿಕೊಳ್ಳದಂತೆ ತೆಳುವಾಗಿ ಅಂಟು ಸವರಿ, ನಿರಿಗೆಗಳನ್ನು ಒಂದೊಂದಾಗಿ ಮಡಿಸಿ ಒಳಗಿನಿಂದ ದಾರ ಓಡಿಸಬೇಕು. ಡಾಬಿಗೆ ಬೇಗಡೆ, ಸರಕ್ಕೆ ಸಾಸಿವೆಯಂಥ ಮಣಿ, ರಾಜನ ಪೇಟಕ್ಕೆ ರವಿಕೆ ಕಣದ ಚೂರು. ನೇಕಾರರ ಊರಿನಲ್ಲಿ ಚೂರುಗಳಿಗೇನು ಬರ!

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆಯನ್ನು ಆರಂಭಿಸಿದುದನ್ನು ಚರಿತ್ರೆ ಬರೆದಿಟ್ಟಿದೆ. ಮೈಸೂರು ಅರಮನೆಯ ಗೊಂಬೆತೊಟ್ಟಿಯನ್ನೂ ಬಲ್ಲದು. ಆದರೆ ಒಂದು ಮನೆಗೆ ಯಾವ ಕಾಲದಲ್ಲಿ ಯಾವ ಬಟ್ಟೆ ಬಂದಿತು, ಯಾವುದು ಹೋಯಿತು ಎಂದು ಕೇಳಿದರೆ ಅದು ಮೌನ ತಾಳುತ್ತದೆ. ಆ ಪ್ರಶ್ನೆಗೆ ನನಗೆ ಉತ್ತರ ದೊರೆತದ್ದು ರಾಣಿಯ ಮಾಸಿದ ಸೀರೆಯನ್ನು ಬದಲಿಸಲು ಕುಳಿತ ದಿನ.

ಮೇಲಿನದು ನನ್ನ ತಾಯಿ ಉಡಿಸಿದ್ದು. ವಿದ್ಯುತ್‌ಮಗ್ಗದ ಕೃತಕ ರೇಷ್ಮೆ. ಸರಿಗೆ ಪ್ಲಾಸ್ಟಿಕ್ಕಿನದಾದ್ದರಿಂದ ಇನ್ನೂ ಥಳಥಳಿಸುತ್ತಿತ್ತು. ಹೊಲಿಗೆ ಬಿಚ್ಚಿದರೆ ಕೆಳಗೆ ಇನ್ನೊಂದು: ಅಸಲು ರೇಷ್ಮೆ, ಸರಿಗೆ ಕಪ್ಪಾಗಿತ್ತು. ಕಪ್ಪಾದುದೇ ಅದು ಲೋಹದ್ದೆಂಬುದಕ್ಕೆ ಸಾಕ್ಷಿ. ಅದರ ಕೆಳಗೆ, ನಾನು ಎಣಿಸಿಯೇ ಇರಲಿಲ್ಲ, ಮೂರನೆಯದು: ಕೈಮಗ್ಗದ ಒರಟು ಕೆಂಪು ನೂಲಿನ ಬಟ್ಟೆ. ಸರಿಗೆಯೇ ಇಲ್ಲ, ಅಂಚಿಗೆ ಹಳದಿ ನೂಲಿನ ಎರಡು ಗೆರೆ. ಯಾರೂ ಹಿಂದಿನವರ ಕೈಕೆಲಸವನ್ನು ಕಿತ್ತೆಸೆದಿರಲಿಲ್ಲ. ಅದರ ಮೇಲೆಯೇ ತಮ್ಮದನ್ನು ಉಡಿಸಿದ್ದರು.

ರಾಜನ ಕಥೆ ಬೇರೆ. ಅವನಿಗೆ ಅಂದಿನಿಂದ ಒಂದೇ ನಿಲುವಂಗಿ, ಒಂದೇ ಪೇಟ. ಪೇಟ ಸುತ್ತಿ ಕಚೇರಿಗೆ ಹೋಗುವವರು ಊರಿನಲ್ಲಿ ಇಲ್ಲವಾಗಿ ಎಷ್ಟೋ ವರ್ಷಗಳಾದವು. ಅವನಿಗೆ ಅದನ್ನು ತಿಳಿಸುವವರು ಯಾರು?

ಈಗ ಉಡಿಸಿಯೇ ಮಾರುವ ಗೊಂಬೆಗಳು ಅಂಗಡಿಗೆ ಬಂದಿವೆ. ಅಂದವಾಗಿಯೇ ಇವೆ. ಬಿಚ್ಚಿದರೆ ಒಳಗೆ ಮರ ಮಾತ್ರ.

ಮೂರನ್ನೂ ಹಾಗೆಯೇ ಮತ್ತೆ ಹೊಲಿದು ಅದರ ಮೇಲೆ ನಾಲ್ಕನೆಯದನ್ನು ಉಡಿಸಿದೆ. ರಾಣಿಯ ಸೊಂಟ ತುಸು ದಪ್ಪವಾಯಿತು. ತಾಯಿ ಮಾಡಿದ್ದ ಡಾಬು ಸಾಲದೆ, ಬೇಗಡೆಯನ್ನು ಹೊಸದಾಗಿ ಕತ್ತರಿಸಬೇಕಾಯಿತು.